ಪೊಸಡಿ ಗುಂಪೆಯ ಕೊನೆಯ ಏರು

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಉಸಿರು ಮೇಲೆ ಬಂದು, ಸಾಕು ಬಿಡು ಅಂತ ಮನಸ್ಸು ಹೇಳುವಾಗ ನೀನು ಎಂತ ಮಾಡ್ತಿ ಮಾರಾಯ?" ಎಂದು. ಅದು ಫೋನಿನಲ್ಲಿ ಹೇಳಿ ಮುಗಿಯುವ ಸಂಗತಿ ಅಲ್ಲ. ಇಲ್ಲಿಯೇ ಬರೆಯುತ್ತೇನೆ, ನಮ್ಮ ಬದಿಯಡ್ಕದ ಬಳಗವೂ ಓದಲಿ. ಬೆಳಗ್ಗೆ ಗುಡ್ಡ ಹತ್ತುವವರು ಈಗ ನಮ್ಮಲ್ಲಿ ಜಾಸ್ತಿ ಆಗಿದ್ದಾರೆ, ಅವರಿಗೂ ಬೇಕಾದೀತು. ಹಳದಿ ಬನಿಯನಿನ ವಿಷಯ ಎತ್ತುವುದಿಲ್ಲ, ಹೆದರಬೇಡ.

ನನ್ನ ಜಾಗ ನಿನಗೆ ಗೊತ್ತುಂಟು, ನಮ್ಮ ಕಾಸರಗೋಡಿನ ಗುಡ್ಡ ಪೊಸಡಿ ಗುಂಪೆ. ಧರ್ಮತ್ತಡ್ಕದ ಕಡೆಯಿಂದ ಹೋಗಿ ಬುಡದಲ್ಲಿ ಬೈಕ್ ನಿಲ್ಲಿಸಿ, ಒಂದೇ ಏರನ್ನು ಓಡಿ ಹತ್ತುವುದು, ನಡೆದು ಇಳಿಯುವುದು, ಪುನಃ ಹತ್ತುವುದು. ಮೊದಲ ಪಾಠವೆಂದರೆ ಗುಡ್ಡದ ತಲೆ ನೋಡಬಾರದು. ಈ ಮುರಕಲ್ಲಿನಿಂದ ಆ ಕುಂಟಾಲದ ಮರದವರೆಗೆ, ಅಲ್ಲಿಂದ ಮುಂದಿನ ಪೊದೆಯವರೆಗೆ, ಅಷ್ಟೇ. ಪೂರ್ತಿ ಏರನ್ನು ಕಣ್ಣಲ್ಲಿ ತುಂಬಿಕೊಂಡರೆ ಕಾಲು ಅಲ್ಲಿಯೇ ಸೋಲುತ್ತದೆ.

ಎರಡನೆಯದು ಮಾತು. ನಮ್ಮೊಳಗೆ ನಾವೇ ಆಡಿಕೊಳ್ಳುವ ಮಾತು. ಇದನ್ನು ಹಗುರ ಮಾಡಬೇಡ. 2014ರಲ್ಲಿ ಬ್ರಿಟನ್ನಿನ ಸಂಶೋಧಕರು 24 ಜನರನ್ನು ಸುಸ್ತಾಗಿ ನಿಲ್ಲಿಸುವವರೆಗೂ ಸೈಕಲ್ ತುಳಿಸಿ ಪರೀಕ್ಷೆ ಮಾಡಿದ್ದರು. ಅರ್ಧ ಜನರಿಗೆ ಎರಡು ವಾರ, ತಮಗೆ ಹೊಂದುವ ಹುರುಪಿನ ವಾಕ್ಯಗಳನ್ನು ತಾವೇ ಆರಿಸಿ ಹೇಳಿಕೊಳ್ಳುವ ಅಭ್ಯಾಸ ಕೊಟ್ಟರು. ಪುನಃ ತುಳಿಸಿದಾಗ ಅವರು ಮೊದಲಿಗಿಂತ ಶೇಕಡಾ 18ರಷ್ಟು ಹೆಚ್ಚು ಹೊತ್ತು ತಡೆದುಕೊಂಡರು. ಉಳಿದವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ವಾಕ್ಯ ನಮ್ಮದೇ ಆಗಿರಬೇಕು ಎನ್ನುವುದು ನನಗೆ ಮುಖ್ಯವಾಗಿ ಕಂಡದ್ದು. ಗೋಡೆಗೆ ಅಂಟಿಸಿದ ಇಂಗ್ಲಿಷ್ ಘೋಷಣೆಯಿಂದ ನನಗೆ ಒಂದು ಹೆಜ್ಜೆಯೂ ಮುಂದೆ ಹೋಗಲು ಆಗಲಿಲ್ಲ. "ಕಾಲುಂಟು, ಗುಡ್ಡ ಉಂಟು, ನಡಿ." ಇದು ನನ್ನದು. ಬೇಕಿದ್ದರೆ ತಕ್ಕೋ.

ಮತ್ತೆ ಚೆಂಡೆ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ನಾವು, ಕಿವಿಗೆ ಇಯರ್‌ಫೋನ್ ಇಟ್ಟರೆ ಅದರಲ್ಲಿ ಚೆಂಡೆಯೇ ಬರಬೇಕು. ಬುಡದಿಂದ ಅರ್ಧ ಗುಡ್ಡದವರೆಗೆ ಅದು ನನ್ನನ್ನು ಎತ್ತಿಕೊಂಡೇ ಹೋಗುತ್ತದೆ. ಆದರೆ ಕೊನೆಯ ಏರಿನಲ್ಲಿ, ಮುಳಿಹುಲ್ಲಿನ ನಡುವೆ ದಾರಿ ನೆಟ್ಟಗೆ ಆಗುವಲ್ಲಿ, ಚೆಂಡೆ ಕೇಳುವುದೇ ಇಲ್ಲ. ವ್ಯಾಯಾಮ ಮತ್ತು ಸಂಗೀತದ ಬಗ್ಗೆ ಕೆಲಸ ಮಾಡಿದವರು ಹೇಳುವುದೂ ಇದನ್ನೇ: ಸಾಧಾರಣ ಶ್ರಮದಲ್ಲಿ ಹಾಡು ಆಯಾಸವನ್ನು ಮರೆಸುತ್ತದೆ, ಶ್ರಮ ತುತ್ತತುದಿಗೆ ಹೋದಾಗ ದೇಹ ತನ್ನದೇ ಸುದ್ದಿಯನ್ನು ಜೋರಾಗಿ ಹೇಳತೊಡಗುತ್ತದೆ, ಹಾಡು ಹಿಂದೆ ಬೀಳುತ್ತದೆ.

ಆ ಹೊತ್ತಿಗೆ ನನಗೆ ಕೇಳುವುದು ಎದೆಬಡಿತ. ಅಟ್ಟದ ಮೇಲೆ ಯಾರೋ ಭಾರದ ಕಾಲಿಟ್ಟು ನಡೆದಾಡಿದ ಹಾಗೆ. ನಾನು ನಿಲ್ಲುತ್ತಿದ್ದುದು ಅಲ್ಲಿಯೇ, ಪ್ರತಿ ಸಲವೂ. ಸೋತದ್ದು ಕಾಲು ಎಂದುಕೊಂಡಿದ್ದೆ. ಈಚೆಗೆ ಒಂದು ದಿನ ನಿಂತು ನೋಡಿದರೆ ಕಾಲಲ್ಲಿ ಇನ್ನೂ ಬಲ ಉಂಟು, ಮಾರಾಯ. ನಿಲ್ಲಿಸಿದ್ದು ಹೆದರಿಕೆ.

ಅಪ್ಪ ಹೋದದ್ದು ಏರು ಹತ್ತುವಾಗ. ಅಡಿಕೆಗೆ ಮದ್ದು ಬಿಡುವ ದಿನ, ತೋಟದಿಂದ ಅಂಗಳಕ್ಕೆ ಬರುವ ಮೆಟ್ಟಿಲಲ್ಲಿ. ಕೈಯಲ್ಲೆಲ್ಲ ಮೈಲುತುತ್ತದ ನೀಲಿ, ಉಗುರಿನ ಸಂದಿನಲ್ಲಿ ಸುಣ್ಣ. ನೀನು ಅಂದು ನಮ್ಮ ಜಗಲಿಯಲ್ಲಿ ಇದ್ದೆ, ನಿನಗೆ ಬೇರೆ ಹೇಳಬೇಕಾಗಿಲ್ಲ. ಅವರಿಗೆ ಆಗ 46. ನಾನು ಆ ವಯಸ್ಸಿನ ಹತ್ತಿರ ಬರುತ್ತಿದ್ದೇನೆ. ಎದೆ ಜೋರಾಗಿ ಬಡಿದರೆ ಸಾಕು, ಆ ಮೆಟ್ಟಿಲು ಕಣ್ಣೆದುರು ಬರುತ್ತದೆ. ರಾತ್ರಿ ಎಡಗಡೆ ಮಗ್ಗುಲಾಗಿ ಮಲಗಿದಾಗಲೂ ಬರುತ್ತದೆ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಇಷ್ಟು ಬರೆಯಬೇಕೆಂದು ಕೂತದ್ದೂ ಅಲ್ಲ, ಬಂದುಬಿಟ್ಟಿತು.

ನಮಗೆ ಇದರಲ್ಲಿ ಇನ್ನೊಂದು ಎಳೆಯೂ ಉಂಟು. ದೊಡ್ಡ ಆಸ್ಪತ್ರೆ ಎಂದರೆ ನಮಗೆ ಮಂಗಳೂರು. 2020ರಲ್ಲಿ ಕೊರೋನಾ ಸಮಯ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಅದು ಎಷ್ಟು ದೂರ ಎಂದು ಕಾಸರಗೋಡಿನ ಪ್ರತಿ ಮನೆಗೂ ಗೊತ್ತಾಯಿತು. ಎದೆಯ ಬಗ್ಗೆ ನಮ್ಮವರಿಗೆ ಇರುವ ಅಂಜಿಕೆಯಲ್ಲಿ ಆ ದಿನಗಳದ್ದೂ ಪಾಲಿದೆ.

ಕಡೆಗೆ ಮಂಗಳೂರಿಗೆ ಹೋಗಿ ಟಿಎಂಟಿ ಎಂಬ ಹೃದಯದ ಪರೀಕ್ಷೆ ಮಾಡಿಸಿದೆ. ಎದೆಗೆ ವೈರು ಅಂಟಿಸಿ ಟ್ರೆಡ್‌ಮಿಲ್ ಮೇಲೆ ನಡೆಸುತ್ತಾರೆ, ಮೂರು ಮೂರು ನಿಮಿಷಕ್ಕೆ ವೇಗವೂ ಏರೂ ಹೆಚ್ಚುತ್ತಾ ಹೋಗುತ್ತದೆ. ಅಲ್ಲಿಯೂ ಅದೇ ಬಡಿತ, ಆದರೆ ಎದುರಿನ ಪರದೆಯಲ್ಲಿ ಅದರ ಗೆರೆ ಓಡುತ್ತಿತ್ತು, ಪಕ್ಕದಲ್ಲಿ ಡಾಕ್ಟ್ರು ನಿಂತು ನೋಡುತ್ತಿದ್ದರು. ಮುಗಿದ ಮೇಲೆ, "ತೊಂದರೆ ಏನೂ ಕಾಣುವುದಿಲ್ಲ, ನಿಮ್ಮ ಗುಡ್ಡ ಹತ್ತಿ" ಅಂದರು. ಹೃದಯದ ಕಾಯಿಲೆ ಇರುವ ಮನೆತನದವರು, ನಲವತ್ತು ದಾಟಿದವರು, ಜೋರಿನ ವ್ಯಾಯಾಮಕ್ಕೆ ಇಳಿಯುವ ಮೊದಲು ಡಾಕ್ಟ್ರನ್ನು ಕಾಣಲೇಬೇಕು. ಓದುವ ಎಲ್ಲರಿಗೂ ಕೈಮುಗಿದು ಹೇಳುತ್ತೇನೆ.

ವಿಲಿಯಂ ಮಾರ್ಗನ್, ಮೈಕೆಲ್ ಪೊಲಾಕ್ ಎಂಬಿಬ್ಬರು 1977ರಲ್ಲಿ ಮ್ಯಾರಥಾನ್ ಓಟಗಾರರ ಬಗ್ಗೆ ಬರೆದದ್ದನ್ನು ಆಮೇಲೆ ಓದಿದೆ. ಸಾಮಾನ್ಯ ಓಟಗಾರರು ಆಯಾಸ ಮರೆಯಲು ಮನಸ್ಸನ್ನು ಬೇರೆಲ್ಲಿಗೋ ಕಳಿಸುತ್ತಾರೆ, ಹಳೆಯ ನೆನಪು, ಲೆಕ್ಕ, ಹಾಡು. ಪಳಗಿದವರು ಉಸಿರನ್ನೂ ಕಾಲನ್ನೂ ಗಮನಿಸುತ್ತಲೇ ಓಡುತ್ತಾರೆ. ನನಗೆ ಬೇಕಾಗಿದ್ದುದು ಇದು. ಮರ ಎಣಿಸಿದ್ದು, ಚೆಂಡೆ ಹಾಕಿಕೊಂಡದ್ದು, ಎಲ್ಲ ಆ ಬಡಿತ ಕೇಳಬಾರದೆಂದು.

ಈಗ ಕೊನೆಯ ಏರಿಗೆ ಮುಂಚೆ ಇಯರ್‌ಫೋನ್ ತೆಗೆಯುತ್ತೇನೆ. ಶ್ರಮ ಎಷ್ಟೆಂದು ನಾವೇ ಅಂಕ ಕೊಡುವ, ಗುನ್ನಾರ್ ಬೋರ್ಗ್ ಎಂಬ ಸ್ವೀಡನ್ನಿನ ಮನಶ್ಶಾಸ್ತ್ರಜ್ಞರ ಅಳತೆ ಒಂದುಂಟು, 6ರಿಂದ 20ರವರೆಗೆ. 13 ಎಂದರೆ ಸ್ವಲ್ಪ ಕಷ್ಟ, 17 ಎಂದರೆ ತುಂಬಾ ಕಷ್ಟ. ಹತ್ತುತ್ತಲೇ ನನಗೆ ನಾನೇ ಅಂಕ ಕೊಡುತ್ತೇನೆ. ಎದೆ ಬಡಿಯುತ್ತದೆ, ಸರಿ, ಎಷ್ಟು? 16. ಉಸಿರು? ಎರಡು ಮೂರು ಶಬ್ದ ಹೇಳಲು ಆಗುತ್ತದೆ. ಎದೆಯಲ್ಲಿ ಹಿಡಿತ ಉಂಟಾ, ಎಡಗೈಗೋ ದವಡೆಗೋ ನೋವು ಇಳಿಯಿತಾ, ತಲೆ ತಿರುಗಿತಾ, ತಣ್ಣಗಿನ ಬೆವರಾ? ಇದರಲ್ಲಿ ಒಂದಿದ್ದರೂ ಅಲ್ಲೇ ನಿಲ್ಲಬೇಕು, ಅಲ್ಲಿ ಹುರುಪಿನ ವಾಕ್ಯಕ್ಕೆ ಕೆಲಸವೇ ಇಲ್ಲ. ಯಾವುದೂ ಇಲ್ಲದಿದ್ದರೆ ಅದು ದುಡಿಯುವ ಹೃದಯದ ಸದ್ದು. ಮೇಲೆ ತಲುಪಿ ನಿಂತಾಗ ಕೈಗಂಟಿನ ಮೇಲೆ ಬೆರಳಿಟ್ಟು ನೋಡುತ್ತೇನೆ. ಒಂದು ನಿಮಿಷದೊಳಗೆ ಬಡಿತ ಇಳಿಯತೊಡಗುತ್ತದೆ. ಆ ಇಳಿತ ಬೆರಳಿಗೆ ಸಿಕ್ಕಿದಾಗ ಆಗುವ ಸಂತೋಷವನ್ನು ಹೇಗೆ ಹೇಳಲಿ!

ಹೆದರಿಕೆ ಪೂರ್ತಿ ಹೋಗಿಲ್ಲ. ಆದರೆ ಅದು ಬಂದಾಗ ನಾನು ನಿಲ್ಲುವುದಿಲ್ಲ.

ಸಾಕು, ತುಂಬಾ ಗಂಭೀರ ಆಯಿತು. ನವರಾತ್ರಿಗೆ ಬರ್ತೀಯಲ್ಲ? ಚಪ್ಪಲಿಯಲ್ಲಿ ಬರಬೇಡ, ಮುಳಿಹುಲ್ಲು ಜಾರುತ್ತದೆ, ಒಳ್ಳೆಯ ಶೂ ತಾ. ಇಳಿದ ಮೇಲೆ ತಿಂಡಿ ನನ್ನ ಲೆಕ್ಕದಲ್ಲಿ, ಮೂರನೇ ಇಡ್ಲಿಯ ಕಾನೂನು ಈಗಲೂ ಜಾರಿಯಲ್ಲಿದೆ. ಬರುವ ದಿನ ಮಾತ್ರ ಮೊದಲೇ ಹೇಳು, ಪತ್ರೊಡೆಗೆ ಕೆಸುವಿನ ಎಲೆ ನೋಡಿಡಬೇಕು ಎಂದು ಅಮ್ಮ ಈಗಲೇ ಕೇಳುತ್ತಿದ್ದಾರೆ.

ನಿನ್ನ,
ಗುಂಪೆಯ ಗೆಳೆಯ