ಉಣಿಸಿದವರಿಗೆ ನಮಸ್ಕಾರ

ನಾನು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ವಿಚಾರಿಸಿದ ಎಲ್ಲರಿಗೂ ಬೇರೆ ಬೇರೆಯಾಗಿ ಉತ್ತರಿಸುವಷ್ಟು ತ್ರಾಣ ಇನ್ನೂ ಬಂದಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಕಾಯಿಲೆಯ ಕಥೆ ನಿಮಗೆಲ್ಲ ಗೊತ್ತಿರುವುದೇ. ಯಕೃತ್ತಿನ ಗಡ್ಡೆಯನ್ನು ತೆಗೆದ ಶಸ್ತ್ರಚಿಕಿತ್ಸಕರು, ಅರಿವಳಿಕೆ ತಜ್ಞರು, ವಾರ್ಡಿನ ನರ್ಸುಗಳು, ರಕ್ತ ಕೊಟ್ಟ ಕಚೇರಿಯ ಗೆಳೆಯರು, ಬಿಲ್ಲಿನ ಹೊತ್ತಿಗೆ ಕೈಹಿಡಿದ ಭಾವ, ಇವರೆಲ್ಲರಿಗೂ ನಾನು ಋಣಿ.

ಶಸ್ತ್ರಚಿಕಿತ್ಸೆಗೆ ಮುಂಚೆ ಎರಡು ವಾರ ಮೈಗೆ ಬಲ ಬರಲಿ ಎಂದು ಪಟ್ಟುಹಿಡಿದ ಆಹಾರತಜ್ಞೆಯನ್ನು ಬೇರೆಯಾಗಿ ನೆನೆಯಬೇಕು. ಲಿವರ್ ತೊಂದರೆ ಎಂದ ಕೂಡಲೇ ಕಾಮಾಲೆಯ ಪಥ್ಯ ನೆನಪಾಗಿ ಬೇಳೆ, ಮೊಟ್ಟೆ, ಎಣ್ಣೆಗಳನ್ನೆಲ್ಲ ಬಿಡಿಸಿ ಗಂಜಿಯಲ್ಲಿ ದಿನ ದೂಡಿಸುವುದು ನಮ್ಮ ಕಡೆಯ ರೂಢಿ. ಆಕೆ ಅದನ್ನು ನಿಲ್ಲಿಸಿ, ಪ್ರತಿ ಕೆ.ಜಿ. ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನು ಬೇಕು, 58 ಕೆ.ಜಿ.ಯ ನನಗೆ ದಿನಕ್ಕೆ 70 ಗ್ರಾಂಗೆ ಕಡಿಮೆಯಾಗಬಾರದು ಎಂದು ಲೆಕ್ಕ ಬರೆದುಕೊಟ್ಟರು. ಸಿರೋಸಿಸ್, ಅಂದರೆ ಯಕೃತ್ತು ಕಲೆಗಟ್ಟಿ ಗಡುಸಾಗುವ ಕಾಯಿಲೆ, ಇರುವವರಿಗೆ ಒಂದು ರಾತ್ರಿಯ ಬರಿಹೊಟ್ಟೆ ಆರೋಗ್ಯವಂತರ ಎರಡು ಮೂರು ದಿನಗಳ ಉಪವಾಸಕ್ಕೆ ಸಮ, ಆಗ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿಕೊಳ್ಳುತ್ತದೆ ಎಂಬುದೂ ಆಕೆಯಿಂದಲೇ ತಿಳಿಯಿತು.

ಆ ಲೆಕ್ಕವನ್ನು ತಟ್ಟೆಗಿಳಿಸಿದವರು ನಮ್ಮ ಅತ್ತಿಗೆ. ಹೆಸರುಬೇಳೆಯನ್ನು ತೂಗಿ ಬೇಯಿಸಿ, ಮಲಗುವ ಮುನ್ನ ಹಾಲು ಬೆರೆಸಿದ ರಾಗಿ ಸರಿಯನ್ನು ಮಗುವಿಗೆ ಕೊಟ್ಟಂತೆ ಕೊಟ್ಟು, ಲೋಟ ಖಾಲಿಯಾಗುವವರೆಗೂ ಪಕ್ಕದಿಂದ ಏಳುತ್ತಿರಲಿಲ್ಲ.

ಐಸಿಯುನಿಂದ ವಾರ್ಡಿಗೆ ಬಂದ ರಾತ್ರಿ ಕುಡಿದದ್ದೆಲ್ಲ ವಾಂತಿಯಾಗುತ್ತಿತ್ತು. ಪ್ರತಿ ಸಲ ಓಕರಿಸಿದಾಗಲೂ ಹೊಲಿಗೆ ಬಿಚ್ಚಿಹೋಯಿತೇನೋ ಎನ್ನಿಸುತ್ತಿತ್ತು. ನಿಜ ಹೇಳಬೇಕೆಂದರೆ ಆಗ ನನಗೆ ಸಾವಿಗಿಂತ ಚಮಚದ ಭಯವೇ ಹೆಚ್ಚಾಗಿತ್ತು. "ಸಾಕು ಅತ್ತಿಗೆ, ನನ್ನನ್ನು ಬಿಟ್ಟುಬಿಡಿ" ಎಂದು ಅತ್ತುಬಿಟ್ಟೆ. ಅವರು ಸಮಾಧಾನದ ಮಾತೇನೂ ಆಡದೆ ಬಾಯಿ ಒರೆಸಿ, ನರ್ಸನ್ನು ಕೇಳಿಕೊಂಡು ಬಂದು, ಅರ್ಧ ಗಂಟೆ ಕಾದು, "ಇದೊಂದು ಚಮಚ ಒಳಗೆ ಹೋಗಲಿ, ಆಮೇಲೆ ಬೇಕಾದಷ್ಟು ಜಗಳ ಆಡು" ಎಂದರು. ಬೆಳಗಿನವರೆಗೂ ಹಾಗೆಯೇ ನಡೆಯಿತು. ಔಷಧಿ ಚೀಟಿಯ ಹಿಂಬದಿಯಲ್ಲಿ ಹೊತ್ತು, ಎಷ್ಟು ಚಮಚ, ನಿಂತಿತೋ ಇಲ್ಲವೋ ಎಂದು ಅವರು ಬರೆದಿಟ್ಟಿದ್ದನ್ನು ನೋಡಿಯೇ ರೌಂಡ್ಸಿಗೆ ಬಂದ ಡಾಕ್ಟರು ಮರುದಿನದ ಆಹಾರವನ್ನು ನಿರ್ಧರಿಸಿದರು.

ಈಗ ಗಾಯ ಕೂಡಿದೆ, ಮುಂದಿನ ಸ್ಕ್ಯಾನ್ ಬರುವ ತಿಂಗಳು. ನಾನು ಗುಣವಾದರೆ ಶನಿವಾರ ಶನಿವಾರ ಉಪವಾಸ ಮಾಡಿಸುತ್ತೇನೆಂದು ಹರಕೆ ಹೊತ್ತ ದೊಡ್ಡಮ್ಮನಿಗೂ ನಮಸ್ಕಾರ; ಆ ಹರಕೆಯನ್ನು ಬೇರೆ ಯಾವ ರೀತಿಯಲ್ಲಾದರೂ ತೀರಿಸೋಣ, ಉಪವಾಸಕ್ಕೆ ಅತ್ತಿಗೆ ಒಪ್ಪುತ್ತಿಲ್ಲ.