ಡಿಪೋ ಬಿಡುವ ಹೊತ್ತು: ಮಗಳಿಗೊಂದು ಪತ್ರ

ಹಾಸನ
24 ಜೂನ್ 2024

ಪ್ರೀತಿಯ ಪುಟ್ಟಿ,

ಈ ವರ್ಷದ ಮೂರನೆಯ ಪ್ಲಾನರ್ ಡೈರಿ ಕೊಂಡೆನೆಂದು ನೀನು ನಿನ್ನೆ ಫೋನಿನಲ್ಲಿ ಹೇಳಿದೆ. ಮೊದಲಿನ ಎರಡರಲ್ಲೂ ಹತ್ತು ಹನ್ನೆರಡು ಪುಟ ತುಂಬಿ ಮಿಕ್ಕದ್ದೆಲ್ಲ ಖಾಲಿ ಬಿದ್ದಿದೆ ಎನ್ನುವಾಗ ನಿನ್ನ ದನಿ ಕುಗ್ಗಿತು. ಆ ದನಿ ರಾತ್ರಿಯೆಲ್ಲ ಕಿವಿಯಲ್ಲಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ಒಂದೇ ಸಲಕ್ಕೆ ಓದಿ ಮುಗಿಸಬೇಕಾಗಿಲ್ಲ.

ಮೊದಲು ನನ್ನ ತಪ್ಪಿನ ಮಾತು. ಹೋದ ವರ್ಷ ವೈದ್ಯರು, ಎಡಿಎಚ್‌ಡಿಯ, ಅಂದರೆ ಗಮನ ಹಿಡಿದಿಡುವುದೇ ಕಷ್ಟವಾಗುವ ತೊಂದರೆಯ ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮುಂಚೆಯೇ ಇದ್ದವೇ ಎಂದು ತಿಳಿಯಬೇಕು, ಹಳೆಯ ಅಂಕಪಟ್ಟಿಗಳಿದ್ದರೆ ತನ್ನಿ ಎಂದರಲ್ಲವೇ? ಅಂದು ರಾತ್ರಿ ಅಮ್ಮ ಟ್ರಂಕಿನಿಂದ ಅವನ್ನೆಲ್ಲ ತೆಗೆದಳು. ಐದು ವರ್ಷ, ಐವರು ಶಿಕ್ಷಕರ ಕೈಬರಹ, ಬರೆದದ್ದು ಮಾತ್ರ ಒಂದೇ: 'ಬುದ್ಧಿವಂತೆ, ಗಮನ ಸಾಲದು.' ಪ್ರತಿಯೊಂದರ ಕೆಳಗೂ ನನ್ನ ಸಹಿ. ಸಹಿ ಹಾಕಿ, ನಿನ್ನನ್ನು ಕರೆದು, ಸೋಮಾರಿ ಎಂದು ಬೈದಿದ್ದೆ. ತರಗತಿಯಲ್ಲಿ ಗದ್ದಲ ಮಾಡುವ ಹುಡುಗ ಎಲ್ಲರ ಕಣ್ಣಿಗೆ ಬೀಳುತ್ತಾನೆ. ಕಿಟಕಿಯ ಪಕ್ಕ ಸುಮ್ಮನೆ ಕುಳಿತು ಎಲ್ಲೋ ಕಳೆದುಹೋಗುವ ಹುಡುಗಿಯ ಎಡಿಎಚ್‌ಡಿ ಎಷ್ಟೋ ವರ್ಷ ಯಾರಿಗೂ ತಿಳಿಯುವುದಿಲ್ಲ ಎಂದು ವೈದ್ಯರು ಹೇಳಿದಾಗ ನಾನು ತಲೆ ತಗ್ಗಿಸಿದೆ. ನಿನಗೆ ಇಪ್ಪತ್ತನಾಲ್ಕು ತುಂಬಿದ ಮೇಲೆ ಅದು ಗೊತ್ತಾಯಿತು. ಕ್ಷಮಿಸು, ಮಗಳೇ.

ಆಮೇಲೆ ನಾನು ಸಿಕ್ಕಿದ್ದನ್ನೆಲ್ಲ ಓದಿದೆ. ರಸೆಲ್ ಬಾರ್ಕ್ಲಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಎಡಿಎಚ್‌ಡಿಯನ್ನು ಕಾಲದ ವಿಷಯದ ಸಮೀಪದೃಷ್ಟಿ ದೋಷಕ್ಕೆ ಹೋಲಿಸುತ್ತಾರೆ. ಹತ್ತಿರದ್ದು ಕಾಣುತ್ತದೆ, ದೂರದ್ದು ಮಂಜು. ಏನು ಮಾಡಬೇಕೆಂದು ತಿಳಿಯದ ತೊಂದರೆ ಇದಲ್ಲ, ತಿಳಿದದ್ದನ್ನು ಆ ಹೊತ್ತಿಗೆ ಮಾಡಲಾಗದ ತೊಂದರೆ ಎನ್ನುತ್ತಾರೆ ಅವರು. ಇದನ್ನು ಓದಿದಾಗ ನನಗೆ ನಮ್ಮ ಬಸ್ ನಿಲ್ದಾಣ ನೆನಪಾಯಿತು. ಮೂವತ್ತೊಂದು ವರ್ಷ ಸಂಚಾರ ನಿಯಂತ್ರಕನಾಗಿ ಕುಳಿತವನಿಗೆ ಗಡಿಯಾರ ನೋಡದೆಯೇ ಹೊತ್ತು ತಿಳಿಯುತ್ತಿತ್ತು. ಎಲ್ಲರಿಗೂ ಹಾಗೆಯೇ ಎಂದುಕೊಂಡಿದ್ದೆ. ಕಣ್ಣು ಮಂಜಾದವರಿಗೆ ಇನ್ನಷ್ಟು ಗಟ್ಟಿಯಾಗಿ ನೋಡು ಎಂದು ಯಾರೂ ಹೇಳುವುದಿಲ್ಲ, ಕನ್ನಡಕ ಮಾಡಿಸುತ್ತಾರೆ.

ನಿನಗೆ ಗೊತ್ತಿರುವ ಹಾಗೆ, 8.15ರ ಬಸ್ಸು 8.15ಕ್ಕೆ ಹೊರಡುವುದಿಲ್ಲ. ಅದು ಪ್ಲಾಟ್‌ಫಾರ್ಮ್ ಬಿಡುವ ಹೊತ್ತು. ಅದಕ್ಕೂ ಮುಂಚೆ ಡಿಪೋ ಬಿಡಬೇಕು, ಅದಕ್ಕೂ ಮುಂಚೆ ಚಾಲಕ ಹಾಜರಿ ಹಾಕಬೇಕು, ನಿರ್ವಾಹಕ ಟಿಕೆಟ್ ಯಂತ್ರ ಪಡೆಯಬೇಕು. ನೀನು ಡೈರಿಯಲ್ಲಿ '9.30 ಮೀಟಿಂಗ್' ಎಂದು ಮಾತ್ರ ಬರೆದಿಡುತ್ತೀಯ. ಡಿಪೋ ಬಿಡುವ ಹೊತ್ತನ್ನು ಬರೆಯುವುದಿಲ್ಲ. ಇನ್ನು ಮೇಲೆ 9.30ರಿಂದ ಹಿಂದಕ್ಕೆ ಎಣಿಸು. ಮೆಟ್ರೊ ಇಳಿದು ನಡೆಯುವುದಕ್ಕೆ ಎಷ್ಟು, ಮೆಟ್ರೊಗೆ ಕಾಯುವುದಕ್ಕೆ ಎಷ್ಟು, ಚಪ್ಪಲಿ ಹಾಕಿಕೊಳ್ಳುವ ಹೊತ್ತು ಯಾವುದು? ಆ ಕೊನೆಯದಕ್ಕೆ ಅಲಾರಂ ಇಡು. ಅದಕ್ಕೂ ಹದಿನೈದು ನಿಮಿಷ ಮೊದಲು ಇನ್ನೊಂದು ಇರಲಿ, ಕೈಯಲ್ಲಿರುವ ಕೆಲಸ ನಿಲ್ಲಿಸಲು. ನಿನಗೆ ಹೊರಡುವುದಕ್ಕಿಂತ ನಿಲ್ಲಿಸುವುದು ಕಷ್ಟ ಎಂಬುದನ್ನು ನಾನು ಬಹಳ ವರ್ಷ ಗಮನಿಸಲೇ ಇಲ್ಲ.

ಇದಕ್ಕೆ ನಿಜವಾದ ನಿಮಿಷಗಳು ಬೇಕು. ಸ್ನಾನ ಮುಗಿಸಿ ಬಟ್ಟೆ ಹಾಕಿಕೊಳ್ಳಲು ಹತ್ತು ನಿಮಿಷ ಎನ್ನುತ್ತೀಯ. ಒಂದು ವಾರ ಗಡಿಯಾರ ನೋಡಿ ಬರೆದಿಡು. ಮೂವತ್ತೈದಾದರೆ ಮೂವತ್ತೈದೆಂದೇ ಬರೆ, ನಾಚಿಕೊಳ್ಳಬೇಡ. ಬೇಕಾಗುವ ಹೊತ್ತನ್ನು ಕಡಿಮೆ ಅಂದಾಜು ಮಾಡುವುದು ಎಲ್ಲರ ಗುಣವೆಂದು ಕಾನೆಮನ್ ಮತ್ತು ಟ್ವೆರ್‌ಸ್ಕಿ ಎಂಬಿಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲೇ ಬರೆದಿದ್ದಾರೆ. ನಿನಗೆ ಅದು ಒಂದು ಹಿಡಿ ಹೆಚ್ಚು, ಅಷ್ಟೇ.

ಹೊತ್ತು ನೋಡಲು ಮೊಬೈಲ್ ತೆಗೆಯಬೇಡ. ನೋಡಿದ್ದು ಗಂಟೆ, ಹೋದದ್ದು ಅರ್ಧ ಗಂಟೆ ಎಂದು ನೀನೇ ಹೇಳಿದ್ದೀಯ. ಮುಳ್ಳಿರುವ ಗಡಿಯಾರ ಗೋಡೆಯ ಮೇಲಿದ್ದರೆ ಎಷ್ಟು ಹೊತ್ತು ಉಳಿದಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಇಪ್ಪತ್ತೈದು ನಿಮಿಷ ಕೆಲಸ, ಐದು ನಿಮಿಷ ಬಿಡುವು ಎಂಬ ಪದ್ಧತಿಯನ್ನು ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬ ಇಟಲಿಯವರು ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ರೂಢಿಸಿದರು. ನಿನಗೆ ಇಪ್ಪತ್ತೈದು ಹೊಂದುತ್ತದೆಂದು ನನಗೆ ಅನ್ನಿಸುವುದಿಲ್ಲ. ಬೇಡದ ಕೆಲಸಕ್ಕೆ ಹತ್ತು ನಿಮಿಷ ಸಾಕು. ಮನಸ್ಸು ಹಿಡಿದ ಕೆಲಸವಾದರೆ ಟೈಮರ್ ಇರುವುದು ನಿನ್ನನ್ನು ಊಟಕ್ಕೆ ಎಬ್ಬಿಸಲು.

ಡೈರಿಯಲ್ಲಿ ದಿನಕ್ಕೆ ಮೂರು ಕೆಲಸಕ್ಕಿಂತ ಹೆಚ್ಚು ಬರೆಯಬೇಡ. ಬರೆಯುವಾಗ ಕೈ ಮಾಡಬೇಕಾದ ಮೊದಲ ಕೆಲಸವನ್ನೇ ಬರೆ. 'ಆದಾಯ ತೆರಿಗೆ ರಿಟರ್ನ್ಸ್' ಎಂದು ಬರೆದರೆ ಅದು ಬೆಟ್ಟದಂತೆ ಎದುರು ನಿಲ್ಲುತ್ತದೆ. 'ಇಮೇಲ್ ತೆರೆದು ಫಾರ್ಮ್ 16 ಇಳಿಸಿಕೊಳ್ಳುವುದು' ಎಂದು ಬರೆ. ಈ ವರ್ಷ ಕೊನೆಯ ದಿನ ಜುಲೈ 31. ನಿನಗೆ ಅದು ಇನ್ನೂ ಮಂಜಿನಲ್ಲಿದೆ. ಹಾಗಾಗಿ ಜುಲೈ 14ರ ಭಾನುವಾರ ನಾನೂ ನೀನೂ ಕೂಡಿ ಅದನ್ನು ಸಲ್ಲಿಸೋಣ. ಕರೆಂಟ್ ಬಿಲ್ ಮತ್ತು ಮೊಬೈಲ್ ಬಿಲ್ಲುಗಳನ್ನು ಬ್ಯಾಂಕಿಗೆ ಒಪ್ಪಿಸಿಬಿಡು, ತಾನಾಗಿಯೇ ಕಡಿತವಾಗಲಿ. ನೆನಪಿಡಬೇಕಾದ ಸಂಗತಿಗಳು ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು. ಮಾತ್ರೆಯ ವಿಷಯದಲ್ಲಿ ವೈದ್ಯರು ಹೇಳಿದಂತೆ ನಡೆ. ಡಬ್ಬಿ ಮಾತ್ರ ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲಿರಲಿ.

ಇನ್ನೊಂದು ಮಾತು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ನೀನು ಚಿಕ್ಕವಳಿದ್ದಾಗ ಗಣಿತದ ಲೆಕ್ಕ ಮಾಡಬೇಕೆಂದರೆ ಅಮ್ಮ ಪಕ್ಕದಲ್ಲಿ ಕೂರಲೇಬೇಕಿತ್ತು. ಅವಳಿಗೆ ಆ ಲೆಕ್ಕ ಬರುತ್ತಿರಲಿಲ್ಲ. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು, ಅವರೆಕಾಯಿ ಕಾಲದಲ್ಲಿ ಕಾಯಿ ಸುಲಿಯುತ್ತಿದ್ದಳು. ಅವಳು ಎದ್ದು ಒಳಗೆ ಹೋದರೆ ನಿನ್ನ ಪೆನ್ಸಿಲ್ ನಿಲ್ಲುತ್ತಿತ್ತು. ಇಷ್ಟು ದೊಡ್ಡವಳಾದರೂ ಅಮ್ಮನ ಸೆರಗು ಬಿಡುವುದಿಲ್ಲವಲ್ಲ ಎಂದು ನಾನು ಗದರಿ, ಅವಳನ್ನೇ ಎಬ್ಬಿಸಿದ್ದುಂಟು. ಎಡಿಎಚ್‌ಡಿ ಇರುವವರು ಹೀಗೆ ಪಕ್ಕದಲ್ಲಿ ಯಾರಾದರೂ ತಮ್ಮ ಪಾಡಿಗೆ ಕೆಲಸ ಮಾಡುತ್ತಿರುವಾಗ ಕೂತು ಕೆಲಸ ಮುಗಿಸಿಕೊಳ್ಳುವುದು ಈಗ ಬೇಕಾದಷ್ಟು ಕಡೆ ರೂಢಿಯಲ್ಲಿದೆಯಂತೆ, ಅದಕ್ಕೊಂದು ಇಂಗ್ಲಿಷ್ ಹೆಸರೂ ಇದೆಯಂತೆ. ನೀನು ಎಂಟನೆಯ ವಯಸ್ಸಿಗೇ ನಿನ್ನ ದಾರಿಯನ್ನು ನೀನೇ ಕಂಡುಕೊಂಡಿದ್ದೆ, ನಾನು ಅದನ್ನು ಕಿತ್ತುಕೊಂಡೆ. ಅಮ್ಮನಿಗೆ ಹೇಳಿದ್ದೇನೆ. ದಿನಾ ರಾತ್ರಿ 8ರಿಂದ 9ರವರೆಗೆ ವಿಡಿಯೊ ಕರೆ ಹಚ್ಚಿ ಹೂ ಕಟ್ಟುತ್ತಾ ಕೂರುತ್ತಾಳೆ. ಮಾತಾಡುವುದಿಲ್ಲ. ನೀನು ಬಟ್ಟೆ ಮಡಚು, ಕಾಗದ ಪತ್ರ ನೋಡು, ಏನಾದರೂ ಮಾಡು.

ದಿನ ಕೆಡುತ್ತದೆ, ಅದೂ ನಿಜ. ಬಸ್ಸು ಒಂದು ಗಂಟೆ ತಡವಾಗಿ ಬಂದರೆ ನಾವು ಆ ತಡವನ್ನು ರಾತ್ರಿಯವರೆಗೂ ಎಳೆಯುತ್ತಿರಲಿಲ್ಲ. ಒಂದು ಟ್ರಿಪ್ ಕತ್ತರಿಸಿ, ಮುಂದಿನ ಟ್ರಿಪ್ಪಿಗೆ ಸರಿಯಾದ ಹೊತ್ತಿಗೆ ನಿಲ್ಲಿಸುತ್ತಿದ್ದೆವು. ನೀನು ಬೆಳಿಗ್ಗೆ ತಪ್ಪಿದ್ದನ್ನು ಮಧ್ಯಾಹ್ನಕ್ಕೆ, ಮಧ್ಯಾಹ್ನದ್ದನ್ನು ನಿದ್ದೆಯ ಹೊತ್ತಿಗೆ ದೂಡುತ್ತೀಯ. ದೂಡಬೇಡ, ಒಂದನ್ನು ಕತ್ತರಿಸು. ಡೈರಿ ನಾಲ್ಕು ದಿನ ಖಾಲಿ ಬಿದ್ದರೆ ಆ ನಾಲ್ಕು ಪುಟ ಬಿಟ್ಟು ಇಂದಿನ ತಾರೀಖಿನಿಂದ ಬರೆ. ಹೊಸ ಡೈರಿ ಕೊಳ್ಳಬೇಡ.

ನಾಳೆ ಬೆಳಗಿನ ಬಸ್ಸಿನಲ್ಲಿ ಪಾರ್ಸೆಲ್ ಕಳಿಸುತ್ತಿದ್ದೇನೆ. ಎರಡು ಗೋಡೆ ಗಡಿಯಾರಗಳಿವೆ, ಒಂದು ಕೋಣೆಗೆ, ಇನ್ನೊಂದು ಬಚ್ಚಲುಮನೆಯ ಎದುರಿಗೆ. ಸೆಲ್ ಹಾಕಿ, ಹೊತ್ತು ಸರಿಮಾಡಿದ್ದೇನೆ. ನಿಮ್ಮ ಮನೆ ಮಾಲೀಕರು ಮೊಳೆ ಹೊಡೆಯಲು ಬಿಡುವುದಿಲ್ಲವೆಂದು ಹೇಳಿದ್ದೆಯಲ್ಲ, ಅಂಟಿಸುವ ಕೊಕ್ಕೆಗಳನ್ನೂ ಜೊತೆಗೇ ಇಟ್ಟಿದ್ದೇನೆ. ನೀನು ಅಂಗಡಿಗೆ ಹೋಗುವ ಕೆಲಸವಿಲ್ಲ.

ನಿನ್ನ
ಅಪ್ಪ