ಹಾಲು ತೆಗೆದಿಡಲು ಆಫೀಸಿನಲ್ಲಿ ಒಂದು ಕೋಣೆ ಕೊಡಿ

ಮಾನ್ಯರೇ,

ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಎಷ್ಟೋ ತಾಯಂದಿರು ಎದೆಹಾಲು ತೆಗೆದಿಡಲು ಆಫೀಸಿನ ಶೌಚಾಲಯಕ್ಕೆ ಹೋಗುತ್ತಿದ್ದಾರೆ. ನನ್ನ ಸೊಸೆಯೂ ಅವರಲ್ಲಿ ಒಬ್ಬಳು. ಹೊರಗೆ ಯಾರಾದರೂ ಬಾಗಿಲು ತಟ್ಟಿದರೆ ಗಾಬರಿಗೆ ಹಾಲೇ ಇಳಿಯುವುದಿಲ್ಲ ಅನ್ನುತ್ತಾಳೆ. ಹಾಗಂತ ತೆಗೆಯದೆ ಬಿಡುವ ಹಾಗೂ ಇಲ್ಲ. ಎದೆ ಗಟ್ಟಿಯಾಗುತ್ತದೆ, ಹಾಲು ಕಟ್ಟಿಕೊಂಡು ಜ್ವರ ಬರುತ್ತದೆ. ದಿನ ಕಳೆದಂತೆ ಹಾಲೂ ಕಡಿಮೆಯಾಗುತ್ತದೆ. ನಾವು ಊಟ ಮಾಡಲು ಒಪ್ಪದ ಜಾಗದಲ್ಲಿ ಮಗುವಿನ ಊಟ ತಯಾರಾಗಬೇಕೇ?

ಮನೆಯಲ್ಲಿ ಮೊಮ್ಮಗುವಿಗೆ ಆ ಹಾಲು ಕುಡಿಸುವವಳು ನಾನು. ಫ್ರಿಜ್ಜಿನಿಂದ ತೆಗೆದಾಗ ಮೇಲೆ ಕೆನೆ ಕಟ್ಟಿರುತ್ತದೆ. ಕೆಟ್ಟಿದೆ ಅಂದುಕೊಂಡು ಚೆಲ್ಲುವವರೂ ಇದ್ದಾರೆ. ಬಾಟಲಿಯನ್ನು ಬಿಸಿನೀರಿನ ಬಟ್ಟಲಲ್ಲಿಟ್ಟು ಮೆಲ್ಲಗೆ ತಿರುಗಿಸಿದರೆ ಸಾಕು, ಕೆನೆ ಬೆರೆತುಹೋಗುತ್ತದೆ. ಒಲೆಯ ಮೇಲೆ ಕುದಿಸಬಾರದು. ಹಾಲು ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ. ಹೊರಗಾದರೆ, ಅದೂ 25 ಡಿಗ್ರಿ ಒಳಗಿದ್ದರೆ, 4 ಗಂಟೆ ಮಾತ್ರ. ನಮ್ಮ ಬೇಸಿಗೆಯಲ್ಲಿ ಅಷ್ಟು ಹೊತ್ತೂ ನಂಬುವಂತಿಲ್ಲ. ನೋಡಲು ಬಂದ ನೆಂಟರು "ತಂಗಳು ಹಾಲು ಕೊಡ್ತೀರಾ?" ಅಂತ ಕೇಳುತ್ತಾರೆ. ಇದು ಮಗುವಿನ ಅಮ್ಮನ ಹಾಲೇ, ಡಬ್ಬಿ ಪುಡಿಗಿಂತ ಸಾವಿರ ಪಾಲು ಮೇಲು ಅಂತ ಹೇಳುತ್ತೇನೆ. ಮೊದಮೊದಲು ಒಳಲೆಯಲ್ಲೇ ಕುಡಿಸುತ್ತಿದ್ದೆ. ತೊಳೆಯುವುದಕ್ಕೆ ಅದರಷ್ಟು ಸಲೀಸು ಬೇರೆ ಇಲ್ಲ. ಈಗ ಬಾಟಲಿ. ಪ್ರತಿ ಸಲ ನಿಪ್ಪಲ್ ಬಿಚ್ಚಿ, ಒಳಗಿನ ಜಿಡ್ಡು ಹೋಗುವಂತೆ ಬ್ರಷ್ ಹಾಕಿ ತೊಳೆದು ಕುದಿಸುತ್ತೇನೆ. ಮನೆಯಲ್ಲಿ ನಾನು ಇಷ್ಟು ಶುಚಿ ನೋಡುವಾಗ, ಅದೇ ಹಾಲನ್ನು ಅಲ್ಲಿ ಕಮೋಡಿನ ಪಕ್ಕ ನಿಂತು ತೆಗೆಯಬೇಕು ಅಂದರೆ ಹೊಟ್ಟೆ ಉರಿಯುತ್ತದೆ.

ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆ 26 ವಾರವಾಯಿತು. ಒಳ್ಳೆಯದೇ. ಆದರೆ ಎರಡು ವರ್ಷದವರೆಗೂ, ಬೇರೆ ಆಹಾರದ ಜೊತೆಗೆ, ಎದೆಹಾಲು ಕೊಡಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರಜೆ ಮುಗಿದ ಮೇಲೆ ಏನು ಮಾಡಬೇಕು? 50 ಅಥವಾ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಅಂತ ಕಾನೂನಿದೆ. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವೂ ಇದೆ. ಆದರೆ ತುಂಬಿದ ಬಸ್ಸಿನಲ್ಲಿ ಎಳೆಗೂಸನ್ನು ಎತ್ತಿಕೊಂಡು ದಿನಾ ಆಫೀಸಿಗೆ ಹೋಗಲು ಎಷ್ಟು ಜನರಿಗೆ ಆಗುತ್ತದೆ? ಮಗು ಮನೆಯಲ್ಲಿದ್ದರೆ ತಾಯಿಗೆ ಬೇಕಿರುವುದು ಹಾಲು ತೆಗೆಯುವ ಜಾಗ. ಎದೆಹಾಲುಣಿಸುವುದು ತಾಯಿಯ ಹಕ್ಕು, ಸಂವಿಧಾನದ 21ನೇ ವಿಧಿಯಡಿ ಅದಕ್ಕೆ ರಕ್ಷಣೆ ಇದೆ ಅಂತ ನಮ್ಮ ಹೈಕೋರ್ಟೇ 2021ರಲ್ಲಿ ಹೇಳಿದೆ.

ನಾವು ಕೇಳುತ್ತಿರುವುದು ದೊಡ್ಡದೇನಲ್ಲ. ಒಳಗಿನಿಂದ ಚಿಲಕ ಹಾಕಿಕೊಳ್ಳಲು ಬರುವ ಸಣ್ಣ ಕೋಣೆ, ಒಂದು ಕುರ್ಚಿ, ಪಂಪ್‌ಗೆ ಪ್ಲಗ್ ಪಾಯಿಂಟ್, ಕೈ ತೊಳೆಯಲು ಸಿಂಕ್, ಪುಟ್ಟ ಫ್ರಿಜ್. ಕಾರ್ಮಿಕ ಇಲಾಖೆ ತಪಾಸಣೆಗೆ ಹೋದಾಗ ಇದನ್ನೂ ಕೇಳಲಿ. ಸಾವಿರಾರು ಹೆಣ್ಣುಮಕ್ಕಳು ದುಡಿಯುವ ಗಾರ್ಮೆಂಟ್ ಕಾರ್ಖಾನೆಗಳಿಂದಲೇ ಶುರು ಮಾಡಲಿ. ಪಂಪ್ ಕೊಳ್ಳಲಾಗದವರು ಕೈಯಲ್ಲೇ ಹಿಂಡಿಕೊಳ್ಳುತ್ತಾರೆ. ಅವರಿಗೆ ಹೊತ್ತು ಇನ್ನೂ ಜಾಸ್ತಿ ಹಿಡಿಯುತ್ತದೆ. ಆ ಹೊತ್ತಿಗೆ ಸಂಬಳ ಹಿಡಿಯಬಾರದು.

– ಒಬ್ಬ ಅಜ್ಜಿ, ಮೈಸೂರು